ಮೀನು ಮೇಲಕ್ಕೆ ಬಂದರೆ ಎಲ್ಲಿಂದ ಹುಡುಕುವುದು? ಸಣ್ಣ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದ ದೋಷ ಪತ್ತೆ

ಘಟಕದ ನೀರು ನದಿ ಸೇರುವ ಜಾಗದಿಂದ ಕೆಳಗೆ ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುತ್ತಿವೆ, ನೀರು ವಾಸನೆ ಹೊಡೆಯುತ್ತಿದೆ ಎಂಬ ದೂರು ಬಂದ ಕೂಡಲೇ ಹೆಚ್ಚಿನವರು ಓಡುವುದು ಗಾಳಿ ಊದುವ ಬ್ಲೋವರ್ ಕೋಣೆಗೆ. ನಾನೂ ಹಲವು ವರ್ಷ ಹಾಗೇ ಓಡಿದ್ದೇನೆ. ಈಗ ಬೇರೆ ದಾರಿ ಹಿಡಿಯುತ್ತೇನೆ. ಮೊದಲು ನದಿ ದಂಡೆಗೆ ಹೋಗಿ, ಅಲ್ಲಿಂದ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತೇನೆ: ಹೊರಹರಿವಿನ ಕೊಳವೆ, ಕ್ಲೋರಿನ್ ತೊಟ್ಟಿ, ಕೆಸರು ತಳಕ್ಕಿಳಿಯುವ ಕ್ಲಾರಿಫೈಯರ್, ಕೊಳಚೆಗೆ ಗಾಳಿ ಊದುವ ಏರೇಶನ್ ಟ್ಯಾಂಕ್, ಒಳಬರುವ ಚರಂಡಿ, ಕೊನೆಗೆ ಊರಿನ ಮ್ಯಾನ್‌ಹೋಲ್. ದೋಷ ಕಾಣಿಸಿಕೊಳ್ಳುವುದು ಒಂದು ಕಡೆ, ಹುಟ್ಟುವುದು ಅದಕ್ಕಿಂತ ಎರಡು ಮೂರು ಹೆಜ್ಜೆ ಹಿಂದೆ.

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಕರಗಿದ ಆಮ್ಲಜನಕ ಅಳೆಯುವ ಡಿಓ ಮೀಟರ್, ಪಿಎಚ್ ಮೀಟರ್, ಒಂದು ಲೀಟರಿನ ಅಳತೆ ಜಾರು, ಥರ್ಮಾಮೀಟರ್, ಹಗ್ಗ ಕಟ್ಟಿದ ಬಕೆಟ್, ಗಡಿಯಾರ, ಲಾಗ್ ಪುಸ್ತಕ ಇದ್ದರೆ ಮುಕ್ಕಾಲು ಪಾಲು ದೋಷಗಳು ಸಿಕ್ಕಿಬೀಳುತ್ತವೆ.

ನದಿಯಲ್ಲಿ ಹಲವು ಕಡೆ, ಸೂರ್ಯ ಹುಟ್ಟುವ ಮೊದಲು

ಡಿಓ ಅಳೆಯಲು ಸರಿಯಾದ ಹೊತ್ತು ನಸುಕು. ಹಗಲು ಪಾಚಿ ಮತ್ತು ಜಲಸಸ್ಯಗಳು ಆಮ್ಲಜನಕ ಬಿಡುತ್ತವೆ, ರಾತ್ರಿ ಎಲ್ಲವೂ ಸೇರಿ ಉಸಿರಾಡಿ ಅದನ್ನು ಖಾಲಿ ಮಾಡುತ್ತವೆ. ಮಧ್ಯಾಹ್ನ 3ಕ್ಕೆ ಅಳೆದು ನದಿ ಚೆನ್ನಾಗಿದೆ ಎಂದು ಬರೆದಿಟ್ಟರೆ ಬೆಳಗಿನ ಜಾವ ಸತ್ತ ಮೀನಿಗೆ ಉತ್ತರ ಸಿಗುವುದಿಲ್ಲ.

ಕೊಳವೆಗಿಂತ ಮೇಲೆ, ನದಿ ಹರಿದು ಬರುವ ಕಡೆ ಒಂದು, ನೀರು ಪೂರ್ತಿ ಬೆರೆತ ಜಾಗದಲ್ಲಿ ಒಂದು, ಇನ್ನೂ ಕೆಳಗೆ ಸಾಧ್ಯವಾದಷ್ಟು ದೂರದವರೆಗೆ ಹಲವು ಕಡೆ ಅಳೆಯಿರಿ. ಕೊಳವೆ ಬಾಯಲ್ಲೇ ಡಿಓ ತೀರಾ ಕಡಿಮೆ ಇರಬೇಕೆಂದಿಲ್ಲ. ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಸಮಯ ಬೇಕು. ಅಷ್ಟರಲ್ಲಿ ನೀರು ಮುಂದೆ ಹರಿದಿರುತ್ತದೆ, ಹಾಗಾಗಿ ಆಮ್ಲಜನಕದ ತಗ್ಗು ಕೆಳಗೆಲ್ಲೋ ಬೀಳುತ್ತದೆ. 1925ರಲ್ಲಿ ಅಮೆರಿಕದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಇದನ್ನೇ ಸಮೀಕರಣದಲ್ಲಿ ಹಿಡಿದಿಟ್ಟರು. ಕೊಳವೆ ಹತ್ತಿರ ನಿಂತು ಇಲ್ಲೇನೂ ಇಲ್ಲ ಎಂದು ವಾಪಸಾದವರು ಆ ತಗ್ಗನ್ನು ನೋಡಿಯೇ ಇರುವುದಿಲ್ಲ.

ನೀರಿನ ಉಷ್ಣತೆಯನ್ನೂ ಬರೆದುಕೊಳ್ಳಿ. 20 ಡಿಗ್ರಿಯಲ್ಲಿ ಶುದ್ಧ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಬೇಸಿಗೆಯಲ್ಲಿ ನದಿಗೆ ಬಂಡವಾಳವೇ ಕಡಿಮೆ, ಖರ್ಚು ಜಾಸ್ತಿ. ಡಿಓ 4ಕ್ಕಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳು ಕಷ್ಟಕ್ಕೆ ಬೀಳುತ್ತವೆ.

ಮೇಲ್ಭಾಗದಲ್ಲೇ ಡಿಓ ತಗ್ಗಿದ್ದರೆ ಕೊಳೆ ನಿಮಗಿಂತ ಮುಂಚೆಯೇ ನದಿ ಸೇರುತ್ತಿದೆ. ಆಗಲೂ ನಿಮ್ಮ ಹೊರಹರಿವನ್ನು ಪರೀಕ್ಷಿಸದೆ ಬಿಡಬೇಡಿ, ಬಳಲಿದ ನದಿಗೆ ಸ್ವಲ್ಪ ಭಾರವೂ ಹೆಚ್ಚೇ. ಮೇಲೆ ಚೆನ್ನಾಗಿದ್ದು ಕೆಳಗೆ ಕುಸಿದಿದ್ದರೆ ಮುಂದಕ್ಕೆ ಓದಿ.

ಹೊರಹರಿವು ಮಿತಿಯೊಳಗೇ ಇದ್ದರೂ ನದಿ ಕೆಡಬಹುದು ಎಂಬುದೂ ನೆನಪಿರಲಿ. ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ ಲೀಟರಿಗೆ ಬಿಓಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) 20, ತೇಲು ಕಣ 30 ಮಿಲಿಗ್ರಾಂ ಎಂಬ ಪ್ರಸಿದ್ಧ ಮಿತಿ ಕೊಟ್ಟಾಗ, ನದಿಯಲ್ಲಿ ಕನಿಷ್ಠ ಎಂಟು ಪಟ್ಟು ನೀರು ಬೆರೆಯುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು. ಅಂಕಿ ಮಾತ್ರ ಎಲ್ಲೆಡೆ ಉಳಿಯಿತು, ಎಂಟು ಪಟ್ಟಿನ ಮಾತು ಮರೆತುಹೋಯಿತು. ನದಿ ಸೊರಗಿ ಹರಿಯುವ ತಿಂಗಳುಗಳಲ್ಲಿ ಅದೇ 20 ಎಂಬುದು ಬಹಳ ದೊಡ್ಡ ಸಂಖ್ಯೆ.

ವರದಿಯನ್ನು ನಂಬುವ ಮೊದಲು

ವರದಿಯಲ್ಲಿ ಬಿಓಡಿ 8, ನದಿಯಲ್ಲಿ ಕಪ್ಪು ನೀರು. ಹೀಗಿದ್ದರೆ ಬಾಟಲಿ ತುಂಬಿದ್ದು ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿ. ಕ್ಲೋರಿನ್ ಹಾಕಿದ ಮೇಲೆ ತುಂಬಿ, ಆ ಕ್ಲೋರಿನ್ ತೆಗೆಯದೆ, ಹೊಸ ಬ್ಯಾಕ್ಟೀರಿಯಾ ಸೇರಿಸದೆ ಪರೀಕ್ಷೆ ಮಾಡಿದ್ದರೆ ಐದು ದಿನ ಬಾಟಲಿಯಲ್ಲಿ ಕೊಳೆ ತಿನ್ನುವವರೇ ಇರುವುದಿಲ್ಲ, ಬಿಓಡಿ ಕಡಿಮೆ ಬರುತ್ತದೆ. ಉಲ್ಟಾ ಕೂಡ ಆಗುತ್ತದೆ: ನೀರು ನೋಡಲು ತಿಳಿಯಾಗಿದೆ, ಬಿಓಡಿ ಮಾತ್ರ ಜಾಸ್ತಿ. ಬಾಟಲಿಯೊಳಗೆ ಅಮೋನಿಯಾ ನೈಟ್ರೇಟ್ ಆಗುತ್ತ ಆಮ್ಲಜನಕ ನುಂಗಿರಬಹುದು. ನೈಟ್ರೀಕರಣ ತಡೆಯುವ ರಾಸಾಯನಿಕ ಹಾಕಿ ಇನ್ನೊಮ್ಮೆ ನೋಡಿದರೆ ಗೊತ್ತಾಗುತ್ತದೆ.

ಪ್ರತಿದಿನ ಬೆಳಿಗ್ಗೆ 11ಕ್ಕೆ ಒಂದೇ ಬಾಟಲಿ ತುಂಬುವ ಪದ್ಧತಿಯಿದ್ದರೆ ರಾತ್ರಿಯ ಕಥೆ ನಿಮಗೆ ಗೊತ್ತೇ ಇಲ್ಲ. ಅನುಮಾನವಿದ್ದ ವಾರದಲ್ಲಿ ಎರಡು ಗಂಟೆಗೊಮ್ಮೆ, 24 ಗಂಟೆ ನೀರು ಹಿಡಿದು, ಬಾಟಲಿಗಳನ್ನು ಮಂಜುಗಡ್ಡೆಯಲ್ಲಿಟ್ಟು ಸಾಲಾಗಿ ಜೋಡಿಸಿ ನೋಡಿ. ಬಣ್ಣವೇ ಅರ್ಧ ಉತ್ತರ ಹೇಳುತ್ತದೆ.

ಮೂವತ್ತು ನಿಮಿಷ ಜಾರಿನ ಮುಂದೆ ಕೂರಿ

ನನ್ನ ಕೈಯಲ್ಲಿ ಒಂದೇ ಒಂದು ಉಪಕರಣ ಇಟ್ಟುಕೊಳ್ಳಬಹುದು ಎಂದರೆ ಅಳತೆ ಜಾರನ್ನೇ ಆರಿಸಿಕೊಳ್ಳುತ್ತೇನೆ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಕೊಳೆ ತಿನ್ನುವ ಬ್ಯಾಕ್ಟೀರಿಯಾ ತುಂಬಿದ ಕೆಸರನ್ನು ಮತ್ತೆ ಮತ್ತೆ ಬಳಸುವ ಈ ಪದ್ಧತಿಯನ್ನು ಲೋಕಕ್ಕೆ ತಿಳಿಸಿದಾಗ ಅವರು ಮಾಡಿದ್ದು ಬಾಟಲಿಯ ಪ್ರಯೋಗವೇ. ಕೊಳಚೆಗೆ ಗಾಳಿ ಊದುವುದು, ನಿಲ್ಲಿಸುವುದು, ಮೇಲಿನ ತಿಳಿ ಬಸಿಯುವುದು, ಕೆಳಗಿನ ಗಸಿಯನ್ನು ಚೆಲ್ಲದೆ ಉಳಿಸಿಕೊಂಡು ಮತ್ತೆ ಕೊಳಚೆ ಹುಯ್ಯುವುದು. ಜಾರಿನಲ್ಲಿ ನೀವು ನೋಡುವುದು ಇಡೀ ಘಟಕದ ಸಣ್ಣ ರೂಪ.

ಏರೇಶನ್ ಟ್ಯಾಂಕಿನ ಹೊರದಾರಿಯಲ್ಲಿ ಬಕೆಟ್ ಇಳಿಸಿ, ಆಗಲೇ ಜಾರಿನ 1000ದ ಗೆರೆಯವರೆಗೆ ತುಂಬಿ, ಮೆಲ್ಲಗೆ ಒಮ್ಮೆ ಕಲಕಿ, ಬಿಸಿಲಿಲ್ಲದ, ಅಲುಗದ ಜಾಗದಲ್ಲಿಡಿ. ಮೊದಲ ಐದು ನಿಮಿಷ ಕಣ್ಣು ತೆಗೆಯಬೇಡಿ. ಆರೋಗ್ಯವಾಗಿರುವ ಕೆಸರು ಕಾಫಿ ಕಂದು ಬಣ್ಣದ್ದು, ಮಳೆ ಬಿದ್ದ ಮಣ್ಣಿನಂಥ ವಾಸನೆ. ಒಂದೆರಡು ನಿಮಿಷದಲ್ಲಿ ಕಣಗಳು ಒಂದನ್ನೊಂದು ಹಿಡಿದು ಬೆರಳುಗುರಿನಷ್ಟು ಮುದ್ದೆಗಳಾಗುತ್ತವೆ, ಮುದ್ದೆಗಳ ನಡುವೆ ಸಣ್ಣ ಕಾಲುವೆಗಳು ಬಿರಿದು ನೀರು ಮೇಲಕ್ಕೆ ನುಸುಳುತ್ತದೆ, ಆಮೇಲೆ ಇಡೀ ಪದರ ಒಂದೇ ಕಂಬಳಿಯಂತೆ ಕೆಳಗಿಳಿಯುತ್ತದೆ. ಇಳಿಯುವಾಗ ದಾರಿಯಲ್ಲಿ ಸಿಕ್ಕ ಸಣ್ಣ ಕಣಗಳನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಮೇಲಿನ ನೀರು ತಿಳಿಯಾಗುವುದು ಹಾಗೆ.

ಮೂವತ್ತನೇ ನಿಮಿಷಕ್ಕೆ ಗಸಿ ಎಷ್ಟು ಮಿಲಿಲೀಟರ್ ಎಂದು ಓದಿ. ಅದನ್ನು 1000ದಿಂದ ಗುಣಿಸಿ, ಒಂದು ಲೀಟರ್ ಮಿಶ್ರಣದಲ್ಲಿರುವ ಕೆಸರಿನ ಮಿಲಿಗ್ರಾಂ ತೂಕವಾದ ಎಂಎಲ್‌ಎಸ್‌ಎಸ್‌ನಿಂದ ಭಾಗಿಸಿದರೆ, ಕೆಸರು ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಹೇಳುವ ಎಸ್‌ವಿಐ ಸಿಗುತ್ತದೆ. ಗಸಿ 250, ಎಂಎಲ್‌ಎಸ್‌ಎಸ್ 2500 ಆದರೆ ಎಸ್‌ವಿಐ 100, ನಿಶ್ಚಿಂತೆಯ ಸಂಖ್ಯೆ. 150 ದಾಟಿದರೆ ಎಚ್ಚರ, 200 ದಾಟಿದರೆ ಕ್ಲಾರಿಫೈಯರ್ ಯಾವಾಗ ಬೇಕಾದರೂ ಉಕ್ಕಬಹುದು.

ಈಗ ಜಾರು ತೋರಿಸುವ ರೋಗಗಳು.

ಗಸಿ ಇಳಿಯುವುದೇ ಇಲ್ಲ, ಅರ್ಧ ಗಂಟೆಯಾದರೂ 800, 900ರಲ್ಲೇ ನಿಂತಿದೆ. ಅದರ ಮೇಲಿರುವ ಸ್ವಲ್ಪ ನೀರು ಮಾತ್ರ ಕನ್ನಡಿಯಷ್ಟು ತಿಳಿ. ಇಲ್ಲಿ ಎರಡು ಸಾಧ್ಯತೆ. ಕೆಸರು ಅತಿಯಾಗಿ ತುಂಬಿರಬಹುದು, ಇಲ್ಲವೇ ನೂಲಿನಂಥ ಬ್ಯಾಕ್ಟೀರಿಯಾ ಬೆಳೆದು ಕಣಗಳನ್ನು ಒಟ್ಟಿಗೆ ಕೂಡಲು ಬಿಡದೆ ಹತ್ತಿಯಂತೆ ಉಬ್ಬಿಸಿರಬಹುದು. ಬಿಡಿಸಿಕೊಳ್ಳಲು ಇನ್ನೊಂದು ಜಾರಿನಲ್ಲಿ ಅರ್ಧ ಕೆಸರು, ಅರ್ಧ ಘಟಕದ ಹೊರಹರಿವಿನ ನೀರು ಸೇರಿಸಿಡಿ. ತೆಳು ಮಾಡಿದ್ದು ಸರಸರ ಇಳಿದರೆ ಕೆಸರು ಜಾಸ್ತಿಯಾಗಿದೆ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊರಹಾಕಿ. ಅದೂ ನಿಧಾನವೇ ಆದರೆ ನೂಲು.

ನೂಲು ಯಾಕೆ ಬಂತು ಎಂಬುದೇ ಮುಖ್ಯ ಪ್ರಶ್ನೆ. ಆಮ್ಲಜನಕ ಕಡಿಮೆ, ಕೊಳವೆಯಲ್ಲೇ ಕೊಳೆತು ಬಂದ ಸಲ್ಫೈಡ್ ತುಂಬಿದ ನೀರು, ಕೆಸರಿಗೆ ಸಾಲದ ಆಹಾರ, ಪಿಎಚ್ ಇಳಿತ, ಇಲ್ಲವೇ ಸಾರಜನಕ ರಂಜಕದ ಕೊರತೆ. ಕೊನೆಯದು ಮನೆಗಳ ಕೊಳಚೆ ಮಾತ್ರ ಬರುವಲ್ಲಿ ಅಪರೂಪ. ಬಿಓಡಿ 100ಕ್ಕೆ ಸಾರಜನಕ 5, ರಂಜಕ 1 ಬೇಕೆಂಬ ಲೆಕ್ಕವನ್ನು ಮನೆ ಕೊಳಚೆ ಸುಲಭವಾಗಿ ಪೂರೈಸುತ್ತದೆ. ಸಕ್ಕರೆ ಅಂಶದ ಕಾರ್ಖಾನೆ ನೀರು ಸೇರಿದರೆ ಮಾತು ಬೇರೆ. ಕ್ಲಾರಿಫೈಯರಿನಿಂದ ಏರೇಶನ್ ಟ್ಯಾಂಕಿಗೆ ಮರಳುವ ವಾಪಸ್ ಕೆಸರಿಗೆ ಕ್ಲೋರಿನ್ ಹಾಕಿ ನೂಲು ಕೊಲ್ಲುವುದು ಅನೇಕರ ಮೊದಲ ಮದ್ದು. ನದಿಗೆ ಕೆಸರು ಉಕ್ಕುವುದನ್ನು ತಡೆಯಲು ಅದು ಬೇಕಾಗಬಹುದು, ಒಪ್ಪುತ್ತೇನೆ. ಆದರೆ ಕಾರಣ ಹಾಗೇ ಉಳಿದರೆ ನೂಲು ಮತ್ತೆ ಬೆಳೆಯುತ್ತದೆ, ಪ್ರಮಾಣ ತಪ್ಪಿದರೆ ಒಳ್ಳೆಯ ಜೀವಿಗಳೂ ಸಾಯುತ್ತವೆ.

ಗಸಿ ಚೆನ್ನಾಗಿ ಇಳಿಯಿತು, ಆದರೆ ಒಂದೆರಡು ಗಂಟೆಯೊಳಗೆ ತುಂಡು ತುಂಡಾಗಿ ಮೇಲೆದ್ದಿತು, ತುಂಡಿಗೆ ಕಡ್ಡಿ ತಾಗಿಸಿದರೆ ಸಣ್ಣ ಗುಳ್ಳೆ ಬಿಟ್ಟು ಮತ್ತೆ ಮುಳುಗುತ್ತದೆ. ಅಂದರೆ ನೈಟ್ರೇಟ್ ಒಡೆದು ಸಾರಜನಕ ಅನಿಲ ಬರುತ್ತಿದೆ. ಕ್ಲಾರಿಫೈಯರಿನಲ್ಲಿ ಕೆಸರು ಬಹಳ ಹೊತ್ತು ಕೂತಿದೆ ಎಂದರ್ಥ. ವಾಪಸ್ ಕೆಸರಿನ ಪಂಪ್ ವೇಗ ಹೆಚ್ಚಿಸಿ, ಕೆಸರಿನ ವಯಸ್ಸು, ಅಂದರೆ ಅದು ಘಟಕದಲ್ಲಿ ಉಳಿಯುವ ದಿನ, ಇಳಿಸಿ. ಇದನ್ನು ನೂಲಿನ ರೋಗ ಎಂದು ತಪ್ಪು ತಿಳಿದು ಗಾಳಿ ಇನ್ನಷ್ಟು ಊದಿದವರನ್ನು ನೋಡಿದ್ದೇನೆ. ಗಾಳಿ ಹೆಚ್ಚಾದಷ್ಟೂ ನೈಟ್ರೇಟ್ ಹೆಚ್ಚು, ಮೇಲೇಳುವ ಕೆಸರೂ ಹೆಚ್ಚು.

ಗಸಿ ಐದೇ ನಿಮಿಷಕ್ಕೆ ಕಲ್ಲಿನಂತೆ ಕೂತು, ಮೇಲಿನ ನೀರಿನಲ್ಲಿ ಸೂಜಿಮೊನೆಯಷ್ಟು ಕಣಗಳು ತೇಲುತ್ತಿದ್ದರೆ ಕೆಸರು ಮುದಿಯಾಗಿದೆ. ನಿಧಾನಕ್ಕೆ ಇಳಿದು, ಮೇಲಿನ ನೀರು ಹಾಲು ಬೆರೆಸಿದಂತೆ ಮಂಕಾಗಿದ್ದರೆ ಕೆಸರು ಎಳೆಯದು, ಇಲ್ಲವೇ ಯಾವುದೋ ವಿಷ ತಾಗಿದೆ. ಮೈಕ್ರೋಸ್ಕೋಪ್ ಇದ್ದರೆ ಒಂದು ಹನಿ ನೋಡಿ. ದಂಟಿನ ಮೇಲೆ ಗಂಟೆಯಂತೆ ಕೂತ ವೋರ್ಟಿಸೆಲ್ಲಾ ಎಂಬ ಏಕಕೋಶ ಜೀವಿ ಅಲುಗಾಡುತ್ತಿದ್ದರೆ ಕೆಸರು ಜೀವಂತ. ಎಲ್ಲವೂ ಮುದುಡಿ ನಿಂತಿದ್ದರೆ ವಿಷದ ಅನುಮಾನ ಬಲವಾಗುತ್ತದೆ.

ನೊರೆಯ ಬಗ್ಗೆ ಎರಡು ಮಾತು ಸಾಕು. ಬಿಳಿ, ಹಗುರ ನೊರೆ ಎಳೆ ಕೆಸರಿನದು ಅಥವಾ ಸೋಪಿನದು. ಕಂದು, ದಪ್ಪ, ಜಿಡ್ಡಿನ ನೊರೆ ಮುದಿ ಕೆಸರಿನಲ್ಲಿ ಬೆಳೆಯುವ ನೊಕಾರ್ಡಿಯಾ ಜಾತಿಯ ಬ್ಯಾಕ್ಟೀರಿಯಾದ್ದು. ಮೇಲಿನಿಂದಲೇ ಬಾಚಿ ತೆಗೆದು ಹೊರಹಾಕಿ, ಮತ್ತೆ ಟ್ಯಾಂಕಿಗೆ ತಳ್ಳಬೇಡಿ.

ಗಾಳಿಯ ಲೆಕ್ಕ

ಏರೇಶನ್ ಟ್ಯಾಂಕಿನಲ್ಲಿ ಡಿಓ ಸುಮಾರು 2 ಮಿಲಿಗ್ರಾಂ ಇರಲಿ. ಕಡಿಮೆ ಕಂಡರೆ ಮೊದಲು ಮೀಟರನ್ನೇ ಅನುಮಾನಿಸಿ. ಪ್ರೋಬಿನ ಮೇಲೆ ಲೋಳೆ ಕೂತಿದ್ದರೆ ತೊಳೆದು, ಒದ್ದೆ ಗಾಳಿಯಲ್ಲಿ ಹಿಡಿದು ಸರಿಯಾದ ಅಂಕಿ ತೋರಿಸುತ್ತದೆಯೇ ನೋಡಿ. ಆಮೇಲೆ ಬ್ಲೋವರಿನ ಫಿಲ್ಟರ್, ಬೆಲ್ಟ್, ಒತ್ತಡದ ಗೇಜ್. ಒತ್ತಡ ವಾರದಿಂದ ವಾರಕ್ಕೆ ಏರುತ್ತಿದ್ದರೆ ಟ್ಯಾಂಕಿನ ತಳದಲ್ಲಿ ಗಾಳಿಯನ್ನು ಗುಳ್ಳೆಯಾಗಿಸುವ ಡಿಫ್ಯೂಸರ್ ಕಟ್ಟುತ್ತಿದೆ. ಟ್ಯಾಂಕಿನ ಮೇಲ್ಮೈಯಲ್ಲಿ ಒಂದೇ ಕಡೆ ಕುದಿಯುವ ಎಸರಿನಂತೆ ದೊಡ್ಡ ಗುಳ್ಳೆ ಎದ್ದು ಉಳಿದ ಕಡೆ ಸಪ್ಪಗಿದ್ದರೆ ಅಲ್ಲಿ ಡಿಫ್ಯೂಸರ್ ಹರಿದಿದೆ.

ಡಿಓ ಇದ್ದಕ್ಕಿದ್ದಂತೆ ಏರುವುದೂ ಒಂದು ದೋಷ, ಇದನ್ನು ಬಹಳ ಜನ ಒಳ್ಳೆಯ ಸುದ್ದಿ ಎಂದುಕೊಳ್ಳುತ್ತಾರೆ. ಗಾಳಿ ಅಷ್ಟೇ, ಒಳಬರುವ ಕೊಳೆ ಅಷ್ಟೇ, ಆದರೆ ಡಿಓ 2ರಿಂದ 5ಕ್ಕೆ ಹಾರಿದೆ ಎಂದರೆ ಉಸಿರಾಡಬೇಕಾದ ಜೀವಿಗಳು ಉಸಿರಾಡುತ್ತಿಲ್ಲ. ಒಳಬರುವ ನೀರಿನ ಪಿಎಚ್, ಬಣ್ಣ, ವಾಸನೆ ಕೂಡಲೇ ನೋಡಿ.

ಅಮೋನಿಯಾ ಕೈಬಿಟ್ಟರೆ ನದಿಗೆ ಎರಡು ಪೆಟ್ಟು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಮಿಲಿಗ್ರಾಂ ಆಮ್ಲಜನಕ ಬೇಕು. ಘಟಕದಲ್ಲಿ ಕೊಡದಿದ್ದರೆ ನದಿ ಕೊಡಬೇಕು. ಇನ್ನೊಂದು ವಿಷದ ಪೆಟ್ಟು. 25 ಡಿಗ್ರಿಯಲ್ಲಿ, ಪಿಎಚ್ 7ರಲ್ಲಿ ಅಮೋನಿಯಾದ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 8ರಲ್ಲಿ ಶೇಕಡ 5ರಷ್ಟು, 9ರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಪಾಚಿ ತುಂಬಿದ ನದಿಯಲ್ಲಿ ಮಧ್ಯಾಹ್ನ ಪಿಎಚ್ ಏರುವುದರಿಂದ ಮೀನು ಹಗಲಲ್ಲೂ ಸಾಯಬಹುದು. ಗಾಳಿ ಸಾಕಷ್ಟಿದ್ದೂ ಅಮೋನಿಯಾ ಇಳಿಯದಿದ್ದರೆ ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಅಳೆಯಿರಿ. ನೈಟ್ರೇಟ್ ಆಗುವ ಪ್ರತಿ ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ 7.14 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ಮೆದು ನೀರಿನ ಊರಲ್ಲಿ ಅದು ಮುಗಿದು ಪಿಎಚ್ ಕುಸಿದು ಕೆಲಸ ನಿಂತಿರುತ್ತದೆ. ಆಗ ಬೇಕಿರುವುದು ಸುಣ್ಣ ಅಥವಾ ಸೋಡಾ, ಹೆಚ್ಚಿನ ಗಾಳಿ ಕೊಟ್ಟರೆ ಪ್ರಯೋಜನವಿಲ್ಲ.

ಒಳಗೆ ಬರುತ್ತಿರುವುದೇ ಬೇರೆ ನೀರು

ನಾನು ಕೆಲಸ ಮಾಡಿದ ಒಂದು ಘಟಕದಲ್ಲಿ ವಾರಕ್ಕೆ ಎರಡು ದಿನ ನಸುಕಿನಲ್ಲಿ ಹೊರಹರಿವು ಮಂಕಾಗುತ್ತಿತ್ತು, ಏರೇಶನ್ ಟ್ಯಾಂಕಿನ ಡಿಓ ಸೊನ್ನೆಗಿಳಿಯುತ್ತಿತ್ತು. ಮಧ್ಯಾಹ್ನಕ್ಕೆ ತಾನೇ ಸರಿಹೋಗುತ್ತಿತ್ತು. ನಾನು ಒಂದೇ ದಿನ ಎರಡನೇ ಬ್ಲೋವರ್ ಹಾಕಿದೆ, ವಾಪಸ್ ಕೆಸರು ಹೆಚ್ಚಿಸಿದೆ, ಕೆಸರು ಹೊರಹಾಕುವುದನ್ನು ನಿಲ್ಲಿಸಿದೆ. ಮೂರು ವಾರ ಕಳೆಯಿತು. ರೋಗ ಹೋಗಲಿಲ್ಲ, ಕೆಸರು ಮುದಿಯಾಗಿ ಹೊಸ ರೋಗವೊಂದು ಸೇರಿಕೊಂಡಿತು. ಆ ಮೂರು ವಾರ ನದಿಗೆ ಹೋದ ಕೊಳೆಯಲ್ಲಿ ನನ್ನ ಪಾಲೂ ಇದೆ, ಅದು ಇವತ್ತಿಗೂ ನೋಯಿಸುತ್ತದೆ.

ರಾತ್ರಿ ಪಾಳಿಯ ಹಿರಿಯ ಆಪರೇಟರ್ ಒಂದು ದಿನ ಬೆಳಿಗ್ಗೆ ನನ್ನನ್ನು ಕರೆದು ಕಸ ತಡೆಯುವ ಸ್ಕ್ರೀನ್ ಹತ್ತಿರ ನಿಲ್ಲಿಸಿದರು. ಸರಳುಗಳ ಮೇಲೆ ಕಪ್ಪನೆಯ, ಕೂದಲು ಕಟ್ಟಿದ ಗಸಿ ಅಂಟಿತ್ತು. "ಸಾರ್, ಟ್ಯಾಂಕ್ ಬಿಡಿ. ರಾತ್ರಿ ಎರಡು ಗಂಟೆಗೆ ಒಳಗೆ ಬರ್ತಿರೋದೇ ಬೇರೆ ನೀರು" ಅಂದರು. ಮುಂದಿನ ರಾತ್ರಿ ಇಬ್ಬರೂ ಕೂತು ಅರ್ಧ ಗಂಟೆಗೊಮ್ಮೆ ಬಾಟಲಿ ತುಂಬಿದೆವು. ಎರಡೂವರೆಯ ಬಾಟಲಿ ಇದ್ದಿಲು ಕದಡಿದಂತಿತ್ತು. ಯಾರೋ ಮೇಲಿನ ಮ್ಯಾನ್‌ಹೋಲಿಗೆ ಶೌಚಗುಂಡಿ ಬರಿದು ಮಾಡಿದ ಟ್ಯಾಂಕರ್ ಖಾಲಿ ಮಾಡುತ್ತಿದ್ದರು. ಗುಂಡಿಯಲ್ಲಿ ವರ್ಷಗಟ್ಟಲೆ ಕೂತ ಗಸಿಯ ಬಿಓಡಿ ಸಾಮಾನ್ಯ ಕೊಳಚೆಗಿಂತ ಹತ್ತಾರು ಪಟ್ಟು ಇರಬಹುದು, ಒಂದು ಲೋಡು ಸಣ್ಣ ಘಟಕದ ಉಸಿರು ಕಟ್ಟಿಸಲು ಸಾಕು. ಟ್ಯಾಂಕರಿಗೆ ಘಟಕದಲ್ಲೇ ಒಂದು ತೊಟ್ಟಿ ಗೊತ್ತುಮಾಡಿ, ಅಲ್ಲಿಂದ ಹಗಲು ಹೊತ್ತು ಸ್ವಲ್ಪ ಸ್ವಲ್ಪವೇ ಒಳಬಿಟ್ಟ ಮೇಲೆ ಆ ತೊಂದರೆ ನಿಂತಿತು.

ಮೂಲ ಹುಡುಕುವಾಗ ಚರಂಡಿ ಜಾಲದ ಕೂಡುಮ್ಯಾನ್‌ಹೋಲುಗಳಲ್ಲಿ ನೋಡುತ್ತ ಬನ್ನಿ: ಯಾವ ಕವಲಿನಿಂದ ಬಣ್ಣ ಬರುತ್ತಿದೆ, ಅದರ ಮೇಲಿನ ಕವಲು ಯಾವುದು. ಹಗ್ಗಕ್ಕೆ ಕಟ್ಟಿದ ಬಾಟಲಿ ಇಳಿಸಿ, ಮನುಷ್ಯರನ್ನು ಎಂದಿಗೂ ಇಳಿಸಬೇಡಿ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಕಡಿಮೆಯಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಸುಮಾರು 100 ಪಿಪಿಎಂ ಮುಟ್ಟಿದರೆ ಮೂಗು ಸತ್ತು ವಾಸನೆಯೇ ತಿಳಿಯುವುದಿಲ್ಲ, ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿಗೆ ಮನುಷ್ಯ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಯಾವ ದೋಷ ಪತ್ತೆಯೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ಮಳೆ ಬಂದಾಗ ಮಾತ್ರ ಕೆಸರು ಕೊಚ್ಚಿಹೋಗುತ್ತಿದ್ದರೆ ಛಾವಣಿ ನೀರೋ ರಸ್ತೆ ನೀರೋ ಒಳಚರಂಡಿಗೆ ಸೇರಿದೆ. ಮಳೆಯಿಲ್ಲದ ದಿನವೂ ರಾತ್ರಿ 2ರಿಂದ 4ರವರೆಗೆ ಹರಿವು ಜೋರಾಗಿ, ನೀರು ತಿಳಿಯಾಗಿ ಬರುತ್ತಿದ್ದರೆ ಒಡೆದ ಕೊಳವೆಯೊಳಗೆ ಅಂತರ್ಜಲ ನುಗ್ಗುತ್ತಿದೆ; ಊರು ಮಲಗಿರುವ ಹೊತ್ತಿನಲ್ಲಿ ಅಷ್ಟು ನೀರು ಬಳಸುವವರಿಲ್ಲ.

ಕ್ಲೋರಿನ್ ಎಷ್ಟು ಸುರಿದರೂ ಸಾಲದಾದಾಗ

ಇದ್ದಕ್ಕಿದ್ದಂತೆ ಉಳಿಕೆ ಕ್ಲೋರಿನ್ ಸೊನ್ನೆ, ಇ-ಕೋಲೈ ಏರಿಕೆ. ಡೋಸಿಂಗ್ ಪಂಪ್, ಹಳತಾದ ಹೈಪೋ (ಕ್ಲೋರಿನ್) ದ್ರಾವಣ, ತೊಟ್ಟಿಯ ತಳದಲ್ಲಿ ಕೂತ ಕೆಸರು ಇವನ್ನು ನೋಡಿದ ಮೇಲೂ ಸರಿಹೋಗದಿದ್ದರೆ ನೈಟ್ರೈಟ್ ಅಳೆಯಿರಿ. ನೈಟ್ರೀಕರಣ ಅರ್ಧಕ್ಕೆ ನಿಂತರೆ ನೈಟ್ರೈಟ್ ಉಳಿಯುತ್ತದೆ, ಅದರ ಒಂದು ಮಿಲಿಗ್ರಾಂ ಸಾರಜನಕ ಸುಮಾರು 5 ಮಿಲಿಗ್ರಾಂ ಕ್ಲೋರಿನ್ ನುಂಗುತ್ತದೆ. ದೋಷ ಇರುವುದು ಏರೇಶನ್ ಟ್ಯಾಂಕಿನಲ್ಲಿ, ಕಾಣುವುದು ಕ್ಲೋರಿನ್ ತೊಟ್ಟಿಯಲ್ಲಿ. ಹೆದರಿ ಕ್ಲೋರಿನ್ ಅತಿಯಾಗಿ ಸುರಿದರೆ ಆ ಕ್ಲೋರಿನ್ನೇ ನದಿಯಲ್ಲಿ ಮೀನು ಕೊಲ್ಲುತ್ತದೆ.

ಯಂತ್ರವಿಲ್ಲದ ಕೊಳಗಳಿದ್ದರೆ

ಕೊಳ ಪದ್ಧತಿಯ ಘಟಕದಲ್ಲಿ ಬಣ್ಣವೇ ಮೀಟರ್. ಹಸಿರು ಒಳ್ಳೆಯದು. ಗುಲಾಬಿ ಅಥವಾ ನೇರಳೆಗೆ ತಿರುಗಿದರೆ ಸಲ್ಫೈಡ್ ತಿನ್ನುವ ಬ್ಯಾಕ್ಟೀರಿಯಾ ಬೆಳೆದಿದೆ, ಕೊಳಕ್ಕೆ ಹೊರೆ ಜಾಸ್ತಿಯಾಗಿದೆ. ಬೂದು, ಕಪ್ಪು ಎಂದರೆ ಆಮ್ಲಜನಕ ಮುಗಿದಿದೆ. ದೋಣಿಯಿಂದ ಕೋಲಿಳಿಸಿ ತಳದ ಗಸಿಯ ದಪ್ಪ ಅಳೆಯಿರಿ. ಒಳಬರುವ ನೀರು ಒಂದು ಮೂಲೆಯಿಂದ ನೇರ ಹೊರದಾರಿಗೆ ಅಡ್ಡಹಾದಿ ಹಿಡಿದಿದೆಯೇ ಎಂದು ತೇಲುವ ವಸ್ತು ಬಿಟ್ಟು ನೋಡಿ. ಹಿಡಿದಿದ್ದರೆ ನಡುವೆ ತಡೆಗೋಡೆ ಬೇಕು.

ರಿಪೇರಿಯ ನಂತರ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಿನಾಂಕ, ಹೊತ್ತು, ಮೊದಲಿನ ಮತ್ತು ಈಗಿನ ಅಂಕಿ ಬರೆದಿಡಿ. ಗಾಳಿಯ ಪರಿಣಾಮ ಕೆಲವೇ ಗಂಟೆಗಳಲ್ಲಿ ಕಾಣುತ್ತದೆ. ಕೆಸರಿನ ವಯಸ್ಸು ಬದಲಿಸಿದರೆ ಆ ವಯಸ್ಸಿನ ಎರಡು ಮೂರು ಪಟ್ಟು ದಿನ ಕಾಯಬೇಕು. ಹತ್ತು ದಿನದ ಕೆಸರಾದರೆ ಮೂರು ನಾಲ್ಕು ವಾರ. ಅಷ್ಟು ದಿನವೂ ಜಾರಿನ ಪರೀಕ್ಷೆ ಒಂದೇ ಹೊತ್ತಿಗೆ ನಡೆಯಲಿ.

ಜಾರು ಸರಿಹೋದ ಮೇಲೆ ಮತ್ತೆ ನದಿಗೆ ಹೋಗಿ. ಅದೇ ಜಾಗಗಳು, ಅದೇ ನಸುಕು, ಅದೇ ಮೀಟರ್. ದಂಡೆಯ ಕಲ್ಲುಗಳನ್ನು ಎತ್ತಿ ನೋಡಿ: ಬೂದು ಬಣ್ಣದ ಹತ್ತಿಯಂಥ ಕೊಳಚೆ ಶಿಲೀಂಧ್ರ ಇನ್ನೂ ಅಂಟಿದೆಯೋ, ಕಲ್ಲಿನಡಿ ಕೀಟಗಳ ಮರಿಗಳು ಮತ್ತೆ ಬಂದಿವೆಯೋ. ಡಿಓ ಅಂಕಿ ಮೊದಲು ಏರುತ್ತದೆ, ಕಲ್ಲಿನಡಿಯ ಹುಳುಗಳು ಬರಲು ತಿಂಗಳುಗಳೇ ಹಿಡಿಯಬಹುದು. ದೂರಿನ ಕಡತವನ್ನು ನಾನು ಮುಚ್ಚುವುದು ಅವು ಬಂದ ಮೇಲೆ.